ಮರ್ಲ್ ಹೋಕ್ ಹೆಸರು ಕೆತ್ತಿದ ಒಂದೇ ಕೋವಿ

ನಮ್ಮ ಬೇಟೆಗಾರರ ಸಂಘದ ಮಾಸಪತ್ರಿಕೆಯ ಏಪ್ರಿಲ್ ಸಂಚಿಕೆಯಲ್ಲಿ, ಮರ್ಲ್ ಹೋಕ್ ತೀರಿಕೊಂಡ ಸುದ್ದಿ ಕೊನೆಯ ಪುಟದ ನಾಲ್ಕು ಸಾಲುಗಳಲ್ಲಿ ಮುಗಿದಿದೆ. ನಾಲ್ಕು ಸಾಲುಗಳಲ್ಲಿ ಎರಡು ತಪ್ಪುಗಳಿವೆ. ಆತ ‘ಮಕ್ಕಳಿಗಾಗಿ ಅಗ್ಗದ ಕೋವಿ ಮಾಡುತ್ತಿದ್ದವರು’ ಎಂಬುದು ಮೊದಲನೆಯದು. ಸಂಘದ ಗೋಡೆಯ ಮೇಲೆ, ಒಲೆಯಿಂದ ಮೂರನೆಯದಾಗಿ ತೂಗುತ್ತಿರುವ ಬೂದುಬಣ್ಣದ ಗೀರುಗಳ ಅಂಗಿಯ ತುಂಡು ಆತನದು ಎಂಬುದು ಎರಡನೆಯದು. ಆ ತುಂಡು ನನ್ನದು. ಅದರ ಇನ್ನುಳಿದ ಅಂಗಿ ಇಂದಿಗೂ ನನ್ನ ಕಪಾಟಿನಲ್ಲಿದೆ. ಸಂಶಯವಿದ್ದವರು ಬಂದು ಗೀರಿಗೆ ಗೀರು ಹೊಂದಿಸಿ ನೋಡಬಹುದು.

ಮೂವತ್ತನಾಲ್ಕು ವರ್ಷ ಈ ಜಿಲ್ಲೆಯ ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರ್ ಆಗಿದ್ದು, ಕಾಲು ಔನ್ಸ್ ಕಡಿಮೆ ತೂಗಿದ ಮಾಂಸದಂಗಡಿಯವನನ್ನೂ ಬಿಡದೆ ನಿವೃತ್ತನಾದವನು ನಾನು. ಎಂಬತ್ತೊಂದನೆಯ ವಯಸ್ಸಿನಲ್ಲಿ ಈ ನಾಲ್ಕು ಸಾಲುಗಳನ್ನು ಸುಮ್ಮನೆ ಬಿಡಲಾರೆ.

ಮರ್ಲ್ ಹಗಲು ಕುರ್ಚಿ ಕಾರ್ಖಾನೆಯಲ್ಲಿ ಮರ ಉಜ್ಜುತ್ತಿದ್ದ. ಸಂಜೆ, ಕೋಳಿಗಳಿಲ್ಲದ ತನ್ನ ಕೋಳಿಗೂಡಿನಲ್ಲಿ ಕುಳಿತು ಚಕಮಕಿ ಕೋವಿ ಮಾಡುತ್ತಿದ್ದ. ನಳಿಗೆಯ ಬಾಯಿಯಿಂದ ಮದ್ದು ಗುಂಡು ತುಂಬಿ, ಕಲ್ಲಿನ ಕಿಡಿಯಿಂದ ಹಾರಿಸುವ ಕೋವಿ ಅದು. ಕ್ರಿಸ್‌ಮಸ್ಸಿನ ಮಾರನೆಯ ದಿನ ಪೆನ್ಸಿಲ್ವೇನಿಯಾದ ನಮ್ಮ ಕಣಿವೆಯಲ್ಲಿ ಶುರುವಾಗುವ ಜಿಂಕೆ ಬೇಟೆಗೆ ಕೋವಿ ಹಿಡಿದು ಹೋಗುವುದಾದರೆ ಅದೇ ಬೇಕು. ಅಂಗಡಿಯಲ್ಲಿ ಅದರ ಬೆಲೆ ಸಾವಿರ ಡಾಲರ್ ದಾಟುತ್ತದೆ. ಅಷ್ಟು ಕೊಟ್ಟು ಕೊಂಡರೂ ಎರಡು ವರ್ಷದಲ್ಲಿ ಮಗುವಿನ ತೋಳು ಬೆಳೆಯುತ್ತದೆ, ಕೋವಿ ಬೆಳೆಯುವುದಿಲ್ಲ.

ಮರ್ಲ್‌ನ ಕೋವಿ ಬೆಳೆಯುತ್ತಿತ್ತು. ಭುಜಕ್ಕೆ ಆನಿಸುವ ಮರದ ಹಿಡಿಯನ್ನು ಆತ ಮೊದಲು ದೊಡ್ಡವರ ಅಳತೆಗೆ ಪೂರ್ತಿ ಮಾಡಿ, ಆಮೇಲೆ ಅದರ ಹಿಂತುದಿಯನ್ನು ಹೋಳುಹೋಳಾಗಿ ಕೊಯ್ಯುತ್ತಿದ್ದ. ಮಗುವಿನ ಮೊಣಕೈಯಿಂದ ಬೆರಳಿನವರೆಗೆ ಅಳೆದು, ಬೇಡದ ಹೋಳುಗಳನ್ನು ಕಳಚಿಡುತ್ತಿದ್ದ. ಮಗು ಬೆಳೆದಂತೆ ಒಂದೊಂದೇ ಹೋಳು ಸ್ಕ್ರೂ ಬಿಗಿಸಿಕೊಂಡು ತನ್ನ ಜಾಗಕ್ಕೆ ಮರಳುತ್ತಿತ್ತು. ಅದೇ ಮರವಾದ್ದರಿಂದ ಗೆರೆಗೆ ಗೆರೆ ಕೂಡುತ್ತಿತ್ತು. ಮಗು ದೊಡ್ಡದಾದ ಮೇಲೆ ಕೋವಿ ಕೋಳಿಗೂಡಿಗೆ ಹಿಂದಿರುಗಿ, ಮತ್ತೆ ಗಿಡ್ಡವಾಗಿ, ಇನ್ನೊಂದು ಮಗುವಿನ ಕೈಗೆ ಹೋಗುತ್ತಿತ್ತು. ಮೊದಲ ಮನೆಯವರು ಕೊಡುತ್ತಿದ್ದುದು ನಳಿಗೆಯ ಮತ್ತು ಕಿಡಿ ಹಾರಿಸುವ ಯಂತ್ರದ ಅಸಲು ಬೆಲೆ ಮಾತ್ರ. ಆಮೇಲಿನವರು ಬೀಟ್‌ರೂಟ್ ರಸದಲ್ಲಿ ನೆನೆಸಿದ ಮೊಟ್ಟೆಯ ಒಂದು ಜಾಡಿ ಉಪ್ಪಿನಕಾಯಿ ತಂದುಕೊಟ್ಟರೆ ಸಾಕಾಗಿತ್ತು. ಪ್ರತಿ ಮಗುವಿನ ಹೆಸರನ್ನೂ ಆತ ಹೋಳಿನ ಒಳಮೈಮೇಲೆ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದ. ಏಳು ಕೋವಿ, ನಲವತ್ಮೂರು ಹೆಸರು, ನಾನೇ ಎಣಿಸಿದ್ದೇನೆ. ನಳಿಗೆಗಳನ್ನೂ ಅಳೆದಿದ್ದೇನೆ. ಬಾಯಿಗೂ ಬುಡಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಇದನ್ನು ಅಗ್ಗ ಎನ್ನುವವರು ಅಳತೆಪಟ್ಟಿಯನ್ನು ಮುಟ್ಟಿದವರಲ್ಲ.

ನಳಿಗೆಯ ಮೇಲೆ ಮಾತ್ರ ಆತ ತನ್ನ ಹೆಸರು ಕೆತ್ತುತ್ತಿರಲಿಲ್ಲ. ಕೆಲಸ ಕಲಿಸಿದ ಮಾವ ಹೇಳಿದ್ದು ಒಂದೇ ಮಾತು: ಮುಗಿದ ಕೋವಿಗೆ ಹೆಸರು. ಎಲ್ಲ ಹೋಳುಗಳೂ ಕೂತು, ಇನ್ನು ಕಳಚುವುದಿಲ್ಲ ಎಂದಾದ ದಿನವೇ ಕೋವಿ ಮುಗಿದಂತೆ. ಕಾಯುವ ಮಗು ಒಂದಲ್ಲ ಒಂದು ಇದ್ದೇ ಇರುತ್ತಿದ್ದುದರಿಂದ ಮರ್ಲ್‌ನ ಲೆಕ್ಕದಲ್ಲಿ ಯಾವ ಕೋವಿಯೂ ಮುಗಿದಿರಲಿಲ್ಲ.

ಇಲ್ಲಿ ನನ್ನ ತಪ್ಪನ್ನೂ ದಾಖಲಿಸಬೇಕು. ಯಾರೋ ಅಂಚೆಯಲ್ಲಿ ತರಿಸಿದ ಹೆಸರಿಲ್ಲದ ಕೋವಿಯೊಂದು ನಮ್ಮ ಬಯಲಿನಲ್ಲಿ ಸಿಡಿದು, ಒಬ್ಬರ ಟೋಪಿ ಹಾರಿಹೋಗಿತ್ತು. ಆ ವರ್ಷ ಸಂಘದ ಒಂಬತ್ತನೆಯ ನಿಯಮವನ್ನು ಬರೆದವನು ನಾನು: ‘ಮಾಡಿದವರ ಹೆಸರು ನಳಿಗೆಯ ಮೇಲಿಲ್ಲದ ಕೋವಿಗೆ ಪ್ರವೇಶವಿಲ್ಲ.’ ಅಲ್ಪವಿರಾಮದ ತಪ್ಪೂ ಇರದ ವಾಕ್ಯ. ಅದನ್ನು ಬರೆಯುವಾಗ ನನಗೆ ಮರ್ಲ್ ನೆನಪಾಗಲಿಲ್ಲ.

ಅದೇ ವರ್ಷ, ಅಂದರೆ ಹನ್ನೊಂದು ವರ್ಷಗಳ ಹಿಂದೆ, ನವೆಂಬರ್ ತಿಂಗಳ ಎರಡನೆಯ ಶನಿವಾರ, ಮಕ್ಕಳ ಗುರಿ ಪರೀಕ್ಷೆ ನಡೆಯಿತು. ಇಪ್ಪತ್ತೈದು ಗಜದಿಂದ ಮೂರು ಗುಂಡು. ಒಂದಾದರೂ ಕಾಗದಕ್ಕೆ ತಾಗಿದರೆ ಆ ಮಗುವಿಗೆ ಸಂಘದ ಕಾಡಿನಲ್ಲಿ ಹಿರಿಯರ ಜೊತೆ ಬೇಟೆಗೆ ಹೋಗುವ ಚೀಟಿ. ತಾಗದೆ ಹೋದ ಗುಂಡಿಗೆ ಹಾರಿಸಿದವರ ಅಂಗಿಯ ಹಿಂಬದಿಯ ಅಂಚು ಕತ್ತರಿಸಿ ಗೋಡೆಗೆ ಹೊಡೆಯುವುದು ತಲೆಮಾರುಗಳ ವಾಡಿಕೆ. ಕೋರಾ ಫೆಟ್ಟರಾಲ್ಫ್ ಎಂಬ ಹತ್ತು ವರ್ಷದ ಹುಡುಗಿ ಮರ್ಲ್‌ನ ಕೋವಿಯೊಂದಿಗೆ ಬಂದಳು. ಜೊತೆಗೆ ಶಾಲಾ ಬಸ್ಸಿನ ಡ್ರೈವರ್ ಆಗಿದ್ದ ಅವಳ ಅಜ್ಜಿ ಅರ್ಲೀನ್. ಸಂಘದ ಅಧ್ಯಕ್ಷರು, ದಂತವೈದ್ಯರಾದ ಪ್ರೆಸ್ಟನ್ ಲಾಡರ್, ಹಳೆಯ ಕೋವಿಗಳ ಸಂಗ್ರಹಕಾರರು. ಅವರು ಕನ್ನಡಕ ಏರಿಸಿ ನಳಿಗೆಯನ್ನು ತಿರುಗಿಸಿ ನೋಡಿದರು.

“ಹೆಸರೆಲ್ಲಿ ಇದೆ? ಒಂಬತ್ತನೇ ನಿಯಮ ಗೊತ್ತಿಲ್ವಾ?”

“ಮಾಡಿದೋನೇ ಇಲ್ಲಿ ನಿಂತಿದಾನಲ್ಲ ಡಾಕ್ಟ್ರೇ!” ಎಂದಳು ಅರ್ಲೀನ್. “ಅವನ ಹಣೆ ಮೇಲೆ ಬರೆಸ್ಲಾ?”

“ನಿಯಮ ನಿಯಮಾನೇ ಅರ್ಲೀನ್. ಬರ್ದೋರನ್ನೇ ಕೇಳಿ.”

ಅವಳು ನನ್ನತ್ತ ತಿರುಗಿದಳು. “ಏನ್ ತಕ್ಕಡಿ ಸಾಹೇಬ್ರೇ, ನಮ್ಮ ಹುಡುಗಿ ಎಷ್ಟು ಔನ್ಸ್ ಕಮ್ಮಿ ಬಿದ್ಲು?”

ಮರ್ಲ್‌ನನ್ನು ಪಕ್ಕಕ್ಕೆ ಕರೆದೆ. “ನಾಲ್ಕಕ್ಷರ ಮಾರಾಯ. ಕೆತ್ತಿಬಿಡು. ನಿನ್ನ ಗಂಟೇನು ಹೋಗುತ್ತೆ?”

“ಮುಗೀದೆ ಇರೋದನ್ನ ಮುಗಿದಿದೆ ಅಂತ ಬರೀಲಾ? ನೀನು ಹೇಳ್ತೀಯಾ ಇದನ್ನ?”

ಕೋರಾ ಇದನ್ನು ಕೇಳಿಸಿಕೊಂಡಿದ್ದಳು. “ಮರ್ಲ್ ತಾತ, ಆ ಎರಡು ಹೋಳೂ ಹಾಕ್ಬಿಡು. ಮತ್ತೆ ಕಳಚೋದು ಬೇಡ. ನಾನು ಉದ್ದದ್ದೇ ಹಿಡೀತೀನಿ. ಆಗ ಮುಗ್ದಂಗೇ ತಾನೆ?”

ಮರ್ಲ್ ಕೋವಿಯನ್ನು ಕೈಗೆತ್ತಿಕೊಂಡ. ಮದ್ದು ತುಂಬುವ ಸಲಾಕೆಯನ್ನು ಒಳಗಿಳಿಸಿ ನಳಿಗೆ ಖಾಲಿಯೆಂದು ತೋರಿಸಿದ. ಜೇಬಿನಿಂದ ಎರಡು ಹೋಳು ತೆಗೆದು ಬಿಗಿದ. ಸಂಘದ ಊಟದ ಮೇಜಿನ ಮೇಲೆ, ಹುರುಳಿಕಾಯಿ ಸೂಪಿನ ಪಾತ್ರೆಯ ಪಕ್ಕದಲ್ಲೇ, ಉಳಿ ಹಿಡಿದು ಹೆಸರು ಕೆತ್ತಿದ. ನನ್ನ ಗಡಿಯಾರದ ಪ್ರಕಾರ ಹನ್ನೊಂದು ನಿಮಿಷ.

ಆ ಕೋವಿ ಈಗ ಹುಡುಗಿಗೆ ಎರಡೂವರೆ ಅಂಗುಲ ಉದ್ದವಾಗಿತ್ತು. ಭುಜದ ಗುಳಿಯಲ್ಲಿ ಕೂರದೆ ತೋಳಿನ ಮೇಲೆ ಜಾರಿತು. ಕೆನ್ನೆ ಹಿಡಿಗೆ ಎಟುಕಲಿಲ್ಲ. ಮೊದಲ ಗುಂಡಿನ ಹೊಗೆ ಚದುರಿದಾಗ ಕಾಗದ ಬೆಳ್ಳಗೇ ಇತ್ತು. ಕೋರಾ ತೋಳು ಉಜ್ಜಿಕೊಂಡಳು, ಅಳಲಿಲ್ಲ. ಲಾಡರ್ ಅವರು ಕತ್ತರಿ ತಂದರು.

“ಇದು ನಮ್ಮಣ್ಣನ ಅಂಗಿ,” ಎಂದಳು ಹುಡುಗಿ. “ವಾಪಸ್ ಕೊಡ್ಬೇಕು.”

ನಾನು ಕೋಟು ಬಿಚ್ಚಿ ಅಧ್ಯಕ್ಷರಿಗೆ ಬೆನ್ನು ಕೊಟ್ಟು ನಿಂತೆ. “ಗುರಿ ತಪ್ಪಿದ್ದು ನಿಯಮ ಬರೆದವನದು. ನನ್ನದನ್ನ ಕತ್ತರಿಸಿ.”

“ಜೋಪಾನ ಡಾಕ್ಟ್ರೇ,” ಎಂದಳು ಅರ್ಲೀನ್, “ಅಳತೆ ಮೀರಿದ್ರೆ ಕೇಸ್ ಹಾಕ್ತಾರೆ!”

ಅಧ್ಯಕ್ಷರು ಕತ್ತರಿಸಿದರು, ಬಟ್ಟೆಯ ಮೇಲೆ ನನ್ನ ಹೆಸರಿನ ಬದಲು ‘ಹೋಕ್ ಕೋವಿ’ ಎಂದು ಬರೆದರು. ಪತ್ರಿಕೆಯ ಎರಡನೆಯ ತಪ್ಪಿನ ಮೂಲ ಇದೇ.

ಅಷ್ಟರಲ್ಲಿ ಮರ್ಲ್ ಸ್ಕ್ರೂಡ್ರೈವರ್ ಹಿಡಿದಿದ್ದ. “ಇನ್ಸ್‌ಪೆಕ್ಟ್ರೇ, ನಿಮ್ಮ ನಿಯಮದಲ್ಲಿ ಹಿಡಿ ಎಷ್ಟುದ್ದ ಇರಬೇಕು ಅಂತ ಇದೆಯಾ?”

“ಒಂದಕ್ಷರವೂ ಇಲ್ಲ.”

“ಮತ್ತೆ ಕಳಚೋದಿಲ್ಲ ಅಂದ್ಯಲ್ಲ ತಾತ?” ಎಂದಳು ಕೋರಾ.

“ಕಳಚೋದು ಬೇಡ ಅಂದಿದ್ದು ನೀನು ಕಣಮ್ಮ. ನಾನು ಬರೀ ಕೆತ್ತಿದೆ.”

ಹೋಳು ಕಳಚಿದ ಕೋವಿಯಿಂದ ಹಾರಿದ ಎರಡನೆಯ ಗುಂಡು ಕಾಗದದ ಕೆಳಗಿನ ಎಡಮೂಲೆಗೆ ತಾಗಿತು. ಅಂಚಿನಿಂದ ಒಂದೂಕಾಲು ಅಂಗುಲ ಒಳಗೆ, ಅಳೆದವನು ನಾನು. ಚೀಟಿ ಸಿಕ್ಕಿತು. ಅರ್ಲೀನ್ ಕುಣಿದಳು. ಮರ್ಲ್ ಮಾತ್ರ ಕೆತ್ತಿದ ಜಾಗದ ಮೇಲೆ ಹೆಬ್ಬೆಟ್ಟು ಇಟ್ಟು ಮುಚ್ಚಿ, ನನಗೊಬ್ಬನಿಗೇ ಕೇಳುವಂತೆ ಹೇಳಿದ: “ಅರವತ್ತೆಂಟು ವರ್ಷಕ್ಕೆ ಕಬ್ಬಿಣದ ಮೇಲೆ ಸುಳ್ಳು ಬರ್ಸಿಬಿಟ್ರಲ್ಲಯ್ಯ.” ಆಮೇಲೆ ಆತ ಸಂಘದ ಮೆಟ್ಟಿಲು ಹತ್ತಲಿಲ್ಲ, ಆ ಕೋವಿ ಕೋರಾಳ ಬಳಿಯೇ ಉಳಿಯಿತು. ನಿಯಮ ರದ್ದಾಗಲೆಂದು ನಾನು ಮಂಡಿಸಿದ ನಿರ್ಣಯ ಹದಿನಾಲ್ಕಕ್ಕೆ ಹನ್ನೊಂದು ಮತಗಳಿಂದ ಬಿದ್ದುಹೋಯಿತು. ಉಳಿದ ಆರು ಕೋವಿಗಳ ಮಕ್ಕಳು ಸಂಘದ ಬೇಲಿಯ ಹೊರಗೆ, ಸರ್ಕಾರಿ ಕಾಡಿನ ಜನಜಂಗುಳಿಯಲ್ಲಿ ಬೇಟೆ ಕಲಿತರು. ಸಂಘದ ಸದಸ್ಯರ ಸರಾಸರಿ ವಯಸ್ಸು ಈಗ ಅರವತ್ತಮೂರು. ಮಕ್ಕಳೇಕೆ ಬರುವುದಿಲ್ಲವೆಂದು ಅದೇ ಪತ್ರಿಕೆಯ ಮೊದಲ ಪುಟದಲ್ಲಿ ಅಧ್ಯಕ್ಷರು ಕಣ್ಣೀರು ಸುರಿಸಿದ್ದಾರೆ!

ಮಾರ್ಚ್ ತಿಂಗಳಲ್ಲಿ ಮರ್ಲ್ ತೀರಿಕೊಂಡ. ಅಂತ್ಯಸಂಸ್ಕಾರವಾದ ಒಂಬತ್ತನೆಯ ದಿನ ಕೋರಾಳಿಗೆ ಲಾಡರ್ ಅವರ ಪತ್ರ ಬಂತು. ‘ಹೋಕ್ ಹೆಸರಿರುವ ಏಕೈಕ ಕೋವಿ’ಯನ್ನು ಸಂಘದ ಗಾಜಿನ ಕಪಾಟಿಗಾಗಿ ಮೂರು ಸಾವಿರದ ಎಂಟುನೂರು ಡಾಲರ್‌ಗೆ ಕೊಳ್ಳಲು ಸಿದ್ಧ, ಹೋಳುಗಳನ್ನು ಅಂಟು ಹಾಕಿ ಶಾಶ್ವತವಾಗಿ ಕೂಡಿಸಿ ಕೊಡಬೇಕು. ಪತ್ರಿಕೆಯಲ್ಲಿ ಅಗ್ಗ, ಪತ್ರದಲ್ಲಿ ಮೂರು ಸಾವಿರದ ಮೇಲೆ ಎಂಟುನೂರು. ಬಲವಂತದಿಂದ ಬರೆಸಿದ ನಾಲ್ಕಕ್ಷರಕ್ಕೆ ಬೆಲೆ ಕಟ್ಟಿ, ಮಕ್ಕಳ ಕೋವಿಗೆ ಗಾಜು ಹಾಕಿ ಮುಚ್ಚುವ ಈ ಔದಾರ್ಯವನ್ನು ನಾನು ಯಾವ ತಕ್ಕಡಿಯಲ್ಲಿ ತೂಗಲಿ?

ಕೋರಾಳಿಗೆ ಈಗ ಇಪ್ಪತ್ತೊಂದು. ವೆಲ್ಡಿಂಗ್ ಕೆಲಸ ಮಾಡುತ್ತಾಳೆ. ಪತ್ರ, ಕೋವಿ ಎರಡನ್ನೂ ತಂದು ನನ್ನ ಅಡುಗೆಮನೆಯ ಮೇಜಿನ ಮೇಲಿಟ್ಟಳು. ಜೊತೆಗೆ ಪಕ್ಕದ ಮನೆಯ ಒಂಬತ್ತು ವರ್ಷದ ಟೆಸ್ ಇದ್ದಳು.

“ನನ್ನ ಪಿಕಪ್ ಗಾಡಿಯ ಗೇರ್‌ಬಾಕ್ಸ್ ಹೋಗಿದೆ ಅಂಕಲ್,” ಎಂದಳು. “ಆ ದುಡ್ಡು ಬಂದ್ರೆ ರಿಪೇರಿ ಆಗುತ್ತೆ. ಸುಳ್ಳು ಹೇಳಲ್ಲ, ಎರಡು ರಾತ್ರಿ ಯೋಚನೆ ಮಾಡ್ದೆ.”

“ಮಾರಬೇಡ ಅನ್ನೋ ಹಕ್ಕು ನನಗಿಲ್ಲ,” ಎಂದೆ.

“ಹಕ್ಕು ಯಾರು ಕೇಳಿದ್ರು? ಟೇಪ್ ಕೊಡಿ.”

ಟೆಸ್ ಮೊಣಕೈ ಮಡಚಿ ನಿಂತಳು. ನಾನು ಅಳೆದೆ, ಎರಡು ಸಲ. ಕೋರಾ ಸ್ಕ್ರೂ ಬಿಚ್ಚಿ ಎರಡೂ ಹೋಳುಗಳನ್ನು ತೆಗೆದಳು. ಒಳಮೈಮೇಲೆ ಮಾಸಿದ ಪೆನ್ಸಿಲ್ ಹೆಸರುಗಳಿದ್ದವು, ಕೊನೆಯದು ಅವಳದೇ. ಅದರ ಕೆಳಗೆ ಟೆಸ್ ನಾಲಿಗೆ ಕಚ್ಚಿಕೊಂಡು ತನ್ನ ಹೆಸರು ಬರೆದಳು. ನಲವತ್ತನಾಲ್ಕನೆಯ ಹೆಸರು.

ಅಧ್ಯಕ್ಷರ ಪತ್ರ ಈ ಬರಹದ ಪ್ರತಿಯೊಂದಿಗೆ ಹಿಂದಿರುಗುತ್ತಿದೆ. ಬರುವ ನವೆಂಬರ್ ತಿಂಗಳ ಎರಡನೆಯ ಶನಿವಾರ ಟೆಸ್ ಸಂಘದ ಬಯಲಿಗೆ ಬರುತ್ತಾಳೆ. ಅವಳ ಕೈಯ ಕೋವಿಯ ಮೇಲೆ ಹೆಸರಿದೆ. ಒಂಬತ್ತನೆಯ ನಿಯಮದ ಪ್ರಕಾರ ಅದನ್ನು ಯಾರೂ ತಡೆಯುವಂತಿಲ್ಲ. ಗುಂಡು ತಪ್ಪಿದರೆ ಅಧ್ಯಕ್ಷರು ಕತ್ತರಿಯೊಂದಿಗೆ ನನ್ನ ಬಳಿಗೇ ಬರಲಿ. ಅಂದು ಅದೇ ಬೂದುಗೀರಿನ ಅಂಗಿ ತೊಟ್ಟಿರುತ್ತೇನೆ; ಹಿಂಬದಿಯಲ್ಲಿ ಇನ್ನೂ ಸಾಕಷ್ಟು ಬಟ್ಟೆ ಉಳಿದಿದೆ.