ಬೋಳು ತಲೆಗೆ ಒತ್ತಿದ ಕಾಯಿ

ಎದೆಯ ಕ್ಯಾನ್ಸರಿಗೆ ಆರನೆಯ ಕೀಮೋ ಮುಗಿಸಿಕೊಂಡು ಮನೆಗೆ ಬಂದಾಗ ನನ್ನ ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ, ನಾಲಿಗೆಗೆ ರುಚಿ ಇರಲಿಲ್ಲ, ಕೈಗಳೆರಡೂ ಜೋಮು. ಕೂದಲಿಗೆ ಅಳಲಿಲ್ಲ, ಹರಳೆಣ್ಣೆಯಾದರೂ ಉಳಿಯಿತು ಎಂದುಕೊಂಡೆ. ರುಚಿಗೂ ಅಳಲಿಲ್ಲ, ಅವರೆಕಾಳಿನ ಸಾರು ತಗಡು ನೆಕ್ಕಿದಂತಿದ್ದರೂ ಮುದ್ದೆ ನುಂಗುತ್ತಿದ್ದೆ. ಸಿಟ್ಟು ಬಂದದ್ದು ಕೈಗಳ ಮೇಲೆ. ರವಿಕೆಯ ಗುಂಡಿ ಹಾಕಲು ಕಾಲು ಗಂಟೆ ಬೇಕಾಗುತ್ತಿತ್ತು. "ನಿಧಾನಕ್ಕೆ ಸರಿಹೋಗುತ್ತೆ, ಕೆಲವರಿಗೆ ಸ್ವಲ್ಪ ಉಳಿದುಬಿಡುತ್ತೆ" ಎಂದಿದ್ದರು ಡಾಕ್ಟರು. ಆ ಕೆಲವರಲ್ಲಿ ನಾನೂ ಒಬ್ಬಳಾದರೆ ಎಂಬುದೇ ಹೆದರಿಕೆ.

ಯಾಕೆಂದರೆ ನಮ್ಮ ಮನೆಯಲ್ಲಿ ಕಾಯಿ ನೋಡುವವಳು ನಾನು. ವರ್ಷದ ಹತ್ತಿರ ಅಟ್ಟದಲ್ಲಿ ಒಣಗಿದ ತೆಂಗಿನಕಾಯಿಯನ್ನು ಅಲ್ಲಾಡಿಸಿ, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ಹೇಳಬೇಕು. ಗಡಗಡ ಎನ್ನುವ ಕಾಯಿಯನ್ನು ಯಾರು ಬೇಕಾದರೂ ಹೇಳುತ್ತಾರೆ. ಸದ್ದು ಮಾಡಿಯೂ ಒಳಗೆ ಹಸಿ ಉಳಿಸಿಕೊಂಡ ಕಳ್ಳಕಾಯಿಗಳಿರುತ್ತವಲ್ಲ, ಅವನ್ನು ಹಿಡಿಯುವುದು ಅಂಗೈ. ಹಸಿಯದನ್ನು ಒಡೆದರೆ ಉಂಡೆ ಕೊಬ್ಬರಿ ಸಿಗುವುದಿಲ್ಲ, ಕಾಯಿ ದಂಡ. ಹದಿನೈದು ವರ್ಷದ ಹಿಂದೆ ಅತ್ತೆ ಇದ್ದಕ್ಕಿದ್ದಂತೆ, "ಇನ್ಮ್ಯಾಲೆ ನೀನೇ ನೋಡು" ಎಂದು ಈ ಕೆಲಸ ನನಗೆ ವಹಿಸಿದ್ದರು. ಅಂದಿನಿಂದ ನಾನು ಹೂಂ ಅನ್ನದೆ ಒಂದು ಕಾಯಿಗೂ ಏಟು ಬಿದ್ದಿಲ್ಲ. ಅದೂ ಹೋದರೆ ಈ ಮನೆಯಲ್ಲಿ ನಾನು ಬರೀ ರೋಗಿ.

ಒಂದು ಬೆಳಿಗ್ಗೆ ಹಟ ಹಿಡಿದು ಜಗಲಿಯಲ್ಲಿ ಕೂತೆ. ಯಜಮಾನರು ಅಟ್ಟದಿಂದ ಒಂದು ಮಂಕರಿ ಕಾಯಿ ಇಳಿಸಿದರು. ಅಲ್ಲಾಡಿಸಿದರೆ ಅಂಗೈಗೆ ಏನೂ ತಿಳಿಯಲಿಲ್ಲ. ಅಂದಾಜಿನ ಮೇಲೆ "ಆಗೈತೆ" ಎಂದೆ. ಅವರು ಒಡೆದರು, ಚೆಂದದ ಉಂಡೆ! ಇನ್ನೊಂದೂ ಸರಿ. ಮತ್ತೊಂದೂ ಸರಿ.

"ನೋಡ್ದಾ, ನಿನ್ ಕೈ ಎಲ್ಲೂ ಹೋಗಿಲ್ಲ ಕಣೇ" ಎಂದು ಹಲ್ಲು ಕಿರಿದರು. ನಾನೂ ಉಬ್ಬಿಹೋದೆ. ಆಮೇಲೆ ಕಾಯಿಗಳ ಮೇಲಿನ ಜೇಡರಬಲೆ ಕಣ್ಣಿಗೆ ಬಿತ್ತು. ಅವು ಹಳೇ ಕಾಯಿ, ಹೋದ ವರ್ಷ ಮೂಲೆಯಲ್ಲಿ ಉಳಿದವು. ಕಣ್ಣು ಮುಚ್ಚಿ ಒಡೆದರೂ ಕೊಬ್ಬರಿಯೇ.

"ಯಾರ್ರೀ ಹೇಳಿದ್ದು ಇವನ್ನ ಇಳ್ಸೋಕೆ?"

ಅವರು ಕಂಬಕ್ಕೊರಗಿ ಕೂತಿದ್ದ ಅತ್ತೆಯನ್ನು ಕಣ್ಣಲ್ಲೇ ತೋರಿಸಿದರು. ಅತ್ತೆ ಎಲೆಗೆ ಸುಣ್ಣ ಹಚ್ಚುವುದರಲ್ಲಿ ಮುಳುಗಿದರು.

ಮೈಯೆಲ್ಲ ಉರಿದುಹೋಯಿತು. "ಕಾಯ್ಲೆ ಬಂದಿರೋದು ಎದೆಗೆ, ಬುದ್ಧಿಗಲ್ಲ! ನಾಟ್ಕ ಸಾಕು, ಈ ವರ್ಸದ್ದು ತನ್ನಿ" ಎಂದು ಕೂಗಿದೆ. ಕೂಗುವಷ್ಟು ಶಕ್ತಿ ಬಂತಲ್ಲ ಎಂದು ಖುಷಿಯಾಯಿತೋ ಏನೋ, ಯಜಮಾನರು ಓಡಿಹೋಗಿ ತಂದರು.

ಮೊದಲ ಕಾಯಿಗೇ ಸೋತೆ. "ಆಗೈತೆ" ಎಂದೆ, ಒಡೆದರೆ ಹಸಿ. ಎರಡನೆಯದೂ ಅಷ್ಟೇ. ಅಳು ನುಗ್ಗಿ ಬಂತು. ಮೂರನೆಯ ಕಾಯಿ ಹಿಡಿದ ಕೈಯಲ್ಲೇ ತಲೆ ಚಚ್ಚಿಕೊಳ್ಳಲು ಹೋದೆ. ಸೆಖೆಗೆ ತಲೆವಸ್ತ್ರ ತೆಗೆದಿಟ್ಟಿದ್ದೆ. ಕಾಯಿ ಬೋಳು ತಲೆಗೆ ತಾಗಿದ್ದೇ ತಡ, ಒಳಗೆ ಏನೋ ಲೊಳಕ್ ಎಂದು ಜರುಗಿದ್ದು ನೆತ್ತಿಗೆ ಗೊತ್ತಾಯಿತು!

"ರೀ, ಇದು ಹಸಿ!" ಒಡೆದರು, ಹಸಿಯೇ. ಇನ್ನೊಂದನ್ನು ಒತ್ತಿ ಅಲ್ಲಾಡಿಸಿದೆ. "ಇದು ಆಗೈತೆ." ಇಡೀ ಉಂಡೆ ಗುಂಡಗೆ ಹೊರಬಂತು.

"ಲೇ, ದೂರ ಹಿಡ್ಕಳೇ! ಯಾವ್ದು ಕಾಯಿ ಯಾವ್ದು ತಲೆ ಗೊತ್ತಾಗ್ತಿಲ್ಲ, ತಪ್ಪಿ ಒಡೆದ್ಬುಟ್ಟೇನು" ಎಂದರು ಯಜಮಾನರು. ಹೊಟ್ಟೆ ಹಿಡಿದುಕೊಂಡು ನಕ್ಕೆ.

ಅತ್ತೆ ಮಾತ್ರ ನಗಲಿಲ್ಲ. ಎದ್ದು ಬಂದು ಪಕ್ಕದಲ್ಲಿ ಕೂತು, ತಲೆಯ ಮೇಲಿನ ಸೆರಗು ಸರಿಸಿ, ಒಂದು ಕಾಯಿಯನ್ನು ಹಣೆಗೆ ಒತ್ತಿ ಅಲ್ಲಾಡಿಸಿದರು. ಕಣ್ಣರಳಿತು.

"ನಂಗೂ ಕೈ ಜೋಮು ಕಣೇ" ಎಂದರು. "ಸಕ್ರೆ ಕಾಯ್ಲೆ ಬಂದಾಗ್ನಿಂದ. ಯಾರ್ಗೂ ಯೋಳಿರ್ಲಿಲ್ಲ. ಅದ್ಕೇ ಅವತ್ತು ನಿನ್ ಕೈಗೆ ಕೊಟ್ಟಿದ್ದು."

ಹದಿನೈದು ವರ್ಷ! ಸೊಸೆಯ ಮೇಲಿನ ನಂಬಿಕೆ ಎಂದು ನಾನು ಬೀಗಿಕೊಂಡಿದ್ದೆ. ಮಂಕರಿಯನ್ನು ಇಬ್ಬರ ನಡುವೆ ಎಳೆದೆ.

"ಇದು ಆಗೈತೆ" ಎಂದರು ಅತ್ತೆ, ಕೈಯಲ್ಲಿದ್ದ ಕಾಯಿ ತೋರಿಸಿ.

ನಾನು ಇಸಿದುಕೊಂಡು ತಲೆಗೆ ಒತ್ತಿ ನೋಡಿದೆ. "ಇಲ್ಲ ಅತ್ತೆ, ಹಸಿ."

ಯಜಮಾನರು ಒಡೆದರು. ಅತ್ತೆಯೇ ಗೆದ್ದಿದ್ದರು. ಉಂಡೆಯನ್ನು ಮಡಿಲಿಗೆ ಹಾಕಿಕೊಂಡು, ನನ್ನ ಜೋಮು ಹಿಡಿದ ಕೈಯನ್ನು ತಮ್ಮ ಜೋಮು ಹಿಡಿದ ಕೈಯಲ್ಲಿ ಹಿಡಿದರು.

"ಇನ್ಮ್ಯಾಲೆ ಇಬ್ರೂ ನೋಡಾಣ ಬುಡು" ಎಂದರು.