ಬೆರಳು ಮೇಷ್ಟ್ರು

ಬ್ಯಾಂಕಿನ ಹಣ ಸಾಗಿಸುವ ವ್ಯಾನುಗಳ ಕಾವಲುಗಾರರಿಗೆ ಪಿಸ್ತೂಲು ಹಿಡಿಯಲು ಕಲಿಸುತ್ತಿದ್ದವರು ಬೆರಳು ಮೇಷ್ಟ್ರು. ಗುರಿ ಹೊಡೆಯುವುದೆಲ್ಲ ಆಮೇಲಿನ ಮಾತು. ಕೈಗೆ ಬಂದ ಪಿಸ್ತೂಲಿನಲ್ಲಿ ಗುಂಡು ಇದೆ ಎಂದೇ ತಿಳಿ, ಮೂತಿಯನ್ನು ಯಾರ ಕಡೆಗೂ ತಿರುಗಿಸಬೇಡ, ಹೊಡೆಯುವ ಗಳಿಗೆಯ ತನಕ ಟ್ರಿಗರ್ ಮುಟ್ಟಬೇಡ: ಮೊದಲ ವಾರವೆಲ್ಲ ಇದೇ ಪಾಠ. ಬೆರಳು ಒಳಗೆ ಹೋಯಿತೋ, ಗೆಣ್ಣಿಗೆ ಅಡಿಕೋಲಿನಿಂದ ಒಂದು ಬಿತ್ತೆಂದೇ ಲೆಕ್ಕ. ಆ ಹೆಸರು ಅಂಟಿಕೊಂಡದ್ದು ಹಾಗೆ.

ಮಗಳನ್ನು ಕೊಟ್ಟದ್ದೂ ಒಬ್ಬ ಶಿಷ್ಯನಿಗೇ. ನಗುಮುಖದ ಆಳು, ಗುರಿಯಲ್ಲಿ ಎತ್ತಿದ ಕೈ. ಆದರೆ ಕಂಪನಿ ಹೊಸ ಪಿಸ್ತೂಲು ತಂದ ಮೇಲೆ ಅವನ ವರಸೆಯೇ ಬದಲಾಯಿತು. ಅದರ ಪಕ್ಕದಲ್ಲೊಂದು ಪುಟ್ಟ ಲಾಕು. ಮೇಲಕ್ಕೆ ತಳ್ಳಿದರೆ ಗುಂಡು ಹಾರುವುದಿಲ್ಲ. ಅದನ್ನೇ ನಂಬಿ ಮ್ಯಾನೇಜರು ತರಬೇತಿಯನ್ನು ಅರ್ಧ ದಿನಕ್ಕೆ ಇಳಿಸಿದ.

ಒಂದು ಭಾನುವಾರ ಅಳಿಯ ಊಟದ ಮೇಜಿನ ಮೇಲೆ ಪಿಸ್ತೂಲು ಇಟ್ಟದ್ದು ಕಂಡು ಮೇಷ್ಟ್ರು ಎತ್ತಿದ ತುತ್ತನ್ನು ತಟ್ಟೆಗಿಳಿಸಿದರು.

“ಗುಂಡು ತೆಗೆದಿದ್ದೀಯೇನಪ್ಪಾ?”

“ಲಾಕ್ ಹಾಕಿದೆ ಮಾವ. ಬ್ರೇಕ್ ಇರೋವಾಗ ಯಾರಾದ್ರೂ ಕಾಲು ಕೊಟ್ಟು ಗಾಡಿ ನಿಲ್ಲಿಸ್ತಾರಾ?”

“ಬ್ರೇಕ್ ಇದೆ ಅಂತ ಜನರ ಮೇಲೆ ಗಾಡಿ ಬಿಡ್ತಾರಾ?”

ಮಗಳು ನಕ್ಕಳು. “ಅಪ್ಪಾ, ಇಲ್ಲೂ ನಿಮ್ಮ ಶಾಲೆ ತೆಗೀಬೇಡಿ. ಊಟ ಆರಿಹೋಗ್ತಿದೆ.”

ಮೇಷ್ಟ್ರು ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡರು. ಅಳಿಯನ ಮನೆ, ಮಾತು ಬೆಳೆಸಿದರೆ ಮಗಳಿಗೇ ಇರಿಸುಮುರಿಸು.

ಆ ಚಳಿಗಾಲದಲ್ಲೊಂದು ಬೆಳಿಗ್ಗೆ ಅಳಿಯ ಸೋಫಾದಲ್ಲಿ ಕುಳಿತು ಪಿಸ್ತೂಲು ಒರೆಸತೊಡಗಿದ. ಸೊಂಟದ ಚರ್ಮದ ಚೀಲದಿಂದ ಎಳೆಯುವಾಗ ಅಂಚು ತಗುಲಿ ಲಾಕು ಕೆಳಕ್ಕೆ ಜಾರಿದ್ದನ್ನು ಅವನು ನೋಡಲಿಲ್ಲ. ಒಳಗೆ ಗುಂಡಿದೆಯೇ ಎಂದೂ ನೋಡಲಿಲ್ಲ. ಒರೆಸುವ ಬಟ್ಟೆಯೊಳಗಿನ ಬೆರಳು ಟ್ರಿಗರನ್ನು ಒತ್ತಿತು. ಗುಂಡು ತೆಳು ಗೋಡೆಯನ್ನು ತೂರಿಕೊಂಡು ಹೋಗಿ, ಆಚೆ ಪಾತ್ರೆ ತೊಳೆಯುತ್ತಿದ್ದ ಹೆಂಡತಿಯ ಬೆನ್ನಿಗೆ ಹೊಕ್ಕಿತು.

ಜೀವವೇನೋ ಉಳಿಯಿತು. ಸೊಂಟದ ಕೆಳಗೆ ಅಲುಗಾಟ, ಸ್ಪರ್ಶ ಏನೂ ಉಳಿಯಲಿಲ್ಲ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಅಳಿಯ ಗೋಡೆಗೊರಗಿ ಕುಸಿದಿದ್ದ. “ಲಾಕ್ ಹಾಕಿತ್ತು ಮಾವ... ದೇವರಾಣೆಗೂ ಹಾಕಿದ್ದೆ.” ಮೇಷ್ಟ್ರು ಅವನ ರಟ್ಟೆ ಹಿಡಿದು ಎಬ್ಬಿಸಿ ಬೆಂಚಿನ ಮೇಲೆ ಕೂರಿಸಿದರು. ಕೆಲವು ತಿಂಗಳು ಕಳೆಯುವಷ್ಟರಲ್ಲಿ, ಹೆಂಡತಿಯ ಮುಖ ನೋಡಲಾರದೆ, ಅವನು ಊರು ಬಿಟ್ಟ.

ಕಂಪನಿ ವಿಚಾರಣೆ ನಡೆಸಿ ತಪ್ಪೆಲ್ಲ ಲಾಕಿನದೇ ಎಂದಿತು. ಮೇಷ್ಟ್ರು ಮ್ಯಾನೇಜರನ ಎದುರು ನಿಂತು ಅಂಗಲಾಚಿದರು. “ತರಬೇತಿ ಮತ್ತೆ ಒಂದು ವಾರ ಮಾಡಿ ಸಾರ್. ಕೈಗೆ ಅಭ್ಯಾಸ ಆಗ್ಬೇಕು.”

“ಈ ಸಲ ತರಿಸಿರೋ ಲಾಕು ತುಂಬಾ ಬಿಗಿ ಮೇಷ್ಟ್ರೇ. ಅರ್ಧ ದಿನವೂ ಬೇಕಾಗಲ್ಲ. ನೀವಿನ್ನು ಮಗಳನ್ನ ನೋಡ್ಕೊಳ್ಳಿ.”

ಈಗ ಅವರಿಗಿರುವುದು ಅದೊಂದೇ ಕೆಲಸ. ಹಾಸಿಗೆಹುಣ್ಣು ಆಗದಂತೆ ಮಗಳನ್ನು ಮಗ್ಗುಲಾಗಿಸುತ್ತಾರೆ, ಕಾಲುಗಳನ್ನು ಮಡಿಸಿ ಬಿಡಿಸುತ್ತಾರೆ. ಮೊನ್ನೆ ಮಂಡಿ ಲಟಕ್ಕೆಂದಾಗ ಗಾಬರಿಯಾಗಿ ಕೇಳಿದರು: “ನೋವಾಯ್ತೇನಮ್ಮಾ?”

“ನೋವಾಗಿದ್ರೆ ಬೀದಿಗೆಲ್ಲಾ ಕೇಳೋ ಹಾಗೆ ಕೂಗ್ತಿದ್ದೆ ಅಪ್ಪಾ,” ಎಂದಳು ಅವಳು, “ಖುಷಿಗೆ.”

ಮೇಷ್ಟ್ರು ಇನ್ನೊಂದು ಕಾಲನ್ನು ಕೈಗೆತ್ತಿಕೊಂಡರು.