ಎಮ್ಮೆಯ ವಕೀಲಿಕೆ

ಈ ಸಂದರ್ಶನದ ಕಥೆಯನ್ನು ನಾನು ಹಲವು ಬಗೆಯಲ್ಲಿ ಹೇಳಿಕೊಂಡು ಬಂದಿದ್ದೇನೆ. ಒಂದರಲ್ಲಿ ನಾನು ಜಾಣ. ಅದು ಬೇಡ. ಹೊರಗೆ ಮಳೆ ಹಿಡಿದಿತ್ತು ಎಂದು ಈಗಷ್ಟೇ ಬರೆದು ಹೊಡೆದುಹಾಕಿದೆ. ಬೇಸಿಗೆ ರಜೆ, ಬೀದರಿನಲ್ಲಿ ಎಲ್ಲಿಯ ಮಳೆ?

ವಿಶ್ವವಿದ್ಯಾಲಯದಲ್ಲಿ ಕಾನೂನು ಮತ್ತು ರಾಜ್ಯಶಾಸ್ತ್ರ ಕಲಿಸುವ ಕಾಯಂ ಹುದ್ದೆ ಒಂದೇ ಇತ್ತು. ಕೊನೆಗೆ ಉಳಿದವರು ಇಬ್ಬರು: ಭಾಲ್ಕಿಯ ನಾನು, ಔರಾದಿನ ಒಬ್ಬರು. ಇಬ್ಬರೂ ಅತಿಥಿ ಉಪನ್ಯಾಸಕರು. ವರ್ಷಗಟ್ಟಲೆ ಅತಿಥಿಯಾಗಿದ್ದು ಸಾಕಾಗಿ, ಮನೆಯವನಾಗುವ ಆಸೆ ಇಬ್ಬರಿಗೂ ಇತ್ತು.

ಮಾದರಿ ಪಾಠಕ್ಕೆ ವಿದ್ಯಾರ್ಥಿಗಳೇ ಇರಲಿಲ್ಲ. ಒಬ್ಬರ ಪಾಠಕ್ಕೆ ಇನ್ನೊಬ್ಬರು ವಿದ್ಯಾರ್ಥಿಯಾಗಿ ಕೂರಬೇಕೆಂದು ಸಮಿತಿ ಹೇಳಿತು. ವಕ್ರಪ್ರಶ್ನೆ ಕೇಳಿ ಎದುರಾಳಿಯನ್ನು ಕೆಡವಲು ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ. ಅದು ಔರಾದಿನವರಿಗೂ ಹೊಳೆದಿತ್ತು. ಚಹಾ ಕುಡಿಸುತ್ತಾ ಹೇಳಿದರು: "ನಾ ನಿಮಗೇನೂ ಕೇಳಂಗಿಲ್ರಿ ಸರ್. ನೀವೂ ನನಗ ಕೇಳಬ್ಯಾಡ್ರಿ. ಇಬ್ಬರ ಮರ್ಯಾದಿನೂ ಉಳೀತದ."

ನಾನೂ ಒಪ್ಪಿದೆ. ಮೊದಲು ನನ್ನ ಪಾಠ, ಒಕ್ಕೂಟ ವ್ಯವಸ್ಥೆ. ಅವರು ಒಪ್ಪಂದವನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದರೆಂದರೆ, ನಡುವೆ ನಿದ್ದೆಯನ್ನೇ ಮಾಡಿಬಿಟ್ಟರು.

ಆಮೇಲೆ ಅವರದು. ಒಬ್ಬನ ಅಹವಾಲು ಕೇಳದೆ ಅವನಿಗೆ ಶಿಕ್ಷೆ ಕೊಡಬಾರದು ಎಂಬ ತತ್ತ್ವ. ಉದಾಹರಣೆಗೆ ಖಟಕ ಚಿಂಚೋಳಿಯ ಒಂದು ಎಮ್ಮೆ. ಪಕ್ಕದ ಹೊಲದ ತೊಗರಿ ಮೇಯ್ದಿತ್ತು. ಪಂಚರು ಅದರ ಮಾಲೀಕನನ್ನು ವಿಚಾರಿಸದೆಯೇ ದಂಡ ಹಾಕಿದರಂತೆ. ನನ್ನ ಕೈ ಮೇಲೆದ್ದಿತು. ನಾನು ಎತ್ತಿದೆ ಎನ್ನಲಾರೆ.

"ಸರ್, ಮೇಯ್ದದ್ದು ಎಮ್ಮಿರಿ. ಹಂಗಾದ್ರ ಎಮ್ಮಿ ಅಹವಾಲೂ ಕೇಳಬೇಕಲ್ರಿ?"

ಅವರು ನನ್ನನ್ನು ಸುಡುವ ಹಾಗೆ ನೋಡಿದರು. ಸಮಿತಿಯವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು.

"ಕೇಳೋಣಂತ್ರಿ. ನೀವೇ ಅದರ ವಕೀಲರು. ಮಾತಾಡ್ರಿ," ಎಂದರು ಔರಾದಿನವರು.

ಮಾತಾಡಿದೆ. ಹೊಲಕ್ಕೆ ಬೇಲಿಯಿರಲಿಲ್ಲ ಎಂದೆ, ಎಮ್ಮೆಗೆ ಸರ್ವೆ ನಂಬರು ತಿಳಿಯದು ಎಂದೆ. ಅವರು ಒಂದೊಂದನ್ನೂ ಕತ್ತರಿಸಿದರು. ಸಮಿತಿಯ ಹಿರಿಯರೊಬ್ಬರು ತಾವೇ ಹೊಲದ ಮಾಲೀಕನಾಗಿ ಎದ್ದುನಿಂತು ನಷ್ಟ ಕೇಳಿದರು. ಹೊತ್ತು ಹೋದದ್ದು ಯಾರಿಗೂ ಗೊತ್ತಾಗಲಿಲ್ಲ.

ಸಂಜೆ ಹುದ್ದೆ ಔರಾದಿನವರದಾಯಿತು. ಅದೇ ಹಿರಿಯರು ನನ್ನ ಭುಜ ತಟ್ಟಿ, "ನಿಮ್ಮಂಥಾವರನ್ನೂ ಮಾತಾಡಿಸ್ಯಾರಂದ್ರ, ಪಾಠ ಅಂದ್ರ ಅದ ನೋಡ್ರಿ" ಎಂದರು.

ಬಸ್ ನಿಲ್ದಾಣದಲ್ಲಿ ಔರಾದಿನವರು ಖುಷಿಪಡಬೇಕೋ ಬೇಡವೋ ತಿಳಿಯದೆ ನಿಂತಿದ್ದರು. ಆಗ ದುಃಖಪಟ್ಟೆನೇ? ನೆನಪು ಹೌದೆನ್ನುತ್ತದೆ, ಸೌಜನ್ಯಕ್ಕೆ. ನಿಜವಾಗಿ ತಲೆಯಲ್ಲಿ ಒಂದು ಹೊಸ ವಾದ ಓಡುತ್ತಿತ್ತು: ಎಮ್ಮೆಯನ್ನು ಕಟ್ಟದೆ ಬಿಟ್ಟವರು ಯಾರು? ಅಷ್ಟರಲ್ಲಿ ಔರಾದ್ ಬಸ್ಸು ಬಂತು. ಅವರು ಹತ್ತಿದರು. ಹಿಂದೆಯೇ ನಾನೂ ಹತ್ತಿದೆ.

ಔರಾದ್ ದಾರಿಯ ಸಂತಪುರ ಬರುವ ಹೊತ್ತಿಗೆ ಅವರು ಸುಸ್ತಾಗಿ, "ಬಿಟ್ಟೇನಿ ತಗೋರಿ ಸರ್, ನಿಮ್ಮ ಎಮ್ಮಿದು ತಪ್ಪಿಲ್ಲ" ಎಂದರು.

ಗೆದ್ದ ಸಂತೋಷದಲ್ಲಿ ಅಲ್ಲೇ ಇಳಿದು, ಭಾಲ್ಕಿಗೆ ಬಸ್ಸು ಯಾವಾಗೆಂದು ಅಲ್ಲಿದ್ದವರನ್ನು ಕೇಳತೊಡಗಿದೆ.